ಕೌನ್ಸೆಲಿಂಗ್‌ಗೆ ದುಡ್ಡಿಲ್ಲ ಅಂದರೆ ಎಲ್ಲಿಗೆ ಹೋಗೋದು?

ಈ ತಿಂಗಳು ಬಂದ ಪತ್ರಗಳಲ್ಲಿ ಮನಸ್ಸಿನ ಸಂಕಟದ ಜೊತೆಗೆ ದುಡ್ಡಿನ ಸಂಕಟವೂ ಎದ್ದು ಕಾಣುತ್ತಿದೆ. ‘ಮಾತಾಡಿ ಬರೋದಕ್ಕೆ ಇಷ್ಟೊಂದು ಕೊಡೋದು ಎಲ್ಲಿಂದ?’ ಅಂತ ಹುಬ್ಬಳ್ಳಿಯಿಂದ, ಹಾವೇರಿ ಕಡೆಯಿಂದ, ಗದಗಿನಿಂದ ಕೇಳಿದ್ದಾರೆ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ.

ಪ್ರಶ್ನೆ: ಅಕ್ಕಾರೇ, ನಾನು ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಇಲ್ಲ. ತಮ್ಮ ಡಿಗ್ರಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ಕೆಲವು ತಿಂಗಳಿಂದ ಫೋನ್ ಎತ್ತುತ್ತಿಲ್ಲ. ಹೋಗಿ ನೋಡಿದರೆ ಖಾನಾವಳಿ ಡಬ್ಬಿ ಹಾಗೇ ಇತ್ತು. ರೊಟ್ಟಿ ಒಣಗಿ ಹೋಗಿತ್ತು. ರಾತ್ರಿಯೆಲ್ಲ ಎಚ್ಚರ ಇರುತ್ತಾನೆ, ಹಗಲು ಮುಸುಕು ಹಾಕಿ ಮಲಗುತ್ತಾನೆ. ‘ನನ್ನಿಂದ ಏನೂ ಆಗಲ್ಲಕ್ಕಾ’ ಅಂತಾನೆ. ಗೊತ್ತಿದ್ದವರು ಹೇಳಿದ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದೆ. ಒಂದು ಸಲಕ್ಕೆ 800 ರೂಪಾಯಿ. ಎರಡು ಸಲ ಹೋಗಿ ನಿಲ್ಲಿಸಿದೆವು, ನನ್ನ ಸಂಬಳದಲ್ಲಿ ಆಗಲಿಲ್ಲ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂದರೆ ‘ನನ್ನನ್ನ ಹುಚ್ಚ ಅನ್ಕೊಂಡಿಯಾ?’ ಅಂತ ಕೂಗಾಡಿದ. ಏನು ಮಾಡಲಿ?

ಉತ್ತರ: ತಂಗೀ, ಆ ಒಣಗಿದ ರೊಟ್ಟಿ ನಿನ್ನ ಕಣ್ಣಿಗೆ ಬಿತ್ತಲ್ಲ, ಒಳ್ಳೆಯದಾಯಿತು. ಊಟ ಬಿಡುವುದು, ನಿದ್ದೆ ಏರುಪೇರಾಗುವುದು, ಯಾರ ಜೊತೆಯೂ ಮಾತು ಬೇಡ ಅನಿಸುವುದು, ತನ್ನ ಕೈಲಿ ಏನೂ ಆಗಲ್ಲ ಅನ್ನುವುದು. ಇವೆಲ್ಲ ಎರಡು ವಾರಕ್ಕಿಂತ ಜಾಸ್ತಿ ದಿನ ಒಟ್ಟಿಗೆ ಇದ್ದರೆ ಖಿನ್ನತೆ ಇರಬಹುದು ಅಂತ ಡಾಕ್ಟರು ಪರೀಕ್ಷೆ ಮಾಡುತ್ತಾರೆ. ಅದು ಸೋಮಾರಿತನ ಅಲ್ಲ. ಸಪ್ತಾಪುರದ ಓಣಿಗಳಲ್ಲಿ ಇಂಥ ಹುಡುಗರನ್ನು ಬಹಳ ನೋಡಿದ್ದೇನೆ. ಒಂದು ರೂಮಿನಲ್ಲಿ ಮೂರು ಮಂಚ, ಗೋಡೆ ತುಂಬ ಭೂಪಟ, ರಾತ್ರಿಯೆಲ್ಲ ಲೈಟು ಉರಿಯುವ ರೀಡಿಂಗ್ ರೂಮು. ಅಧಿಸೂಚನೆ ಬರುವುದೇ ಅಪರೂಪ. ಬಂದರೂ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ವಯಸ್ಸಿನ ಮಿತಿ ಹತ್ತಿರ ಬರುತ್ತದೆ. ‘ಯಾವಾಗಪ್ಪಾ ನೌಕರಿ?’ ಅಂತ ಕೇಳುತ್ತಾರೆ ಅಂತ ಊರ ಜಾತ್ರೆಗೂ ಹೋಗದ ಹುಡುಗರಿದ್ದಾರೆ. ನಿನ್ನ ತಮ್ಮನಿಗೆ ‘ಧೈರ್ಯ ತಗೋ, ಇನ್ನೊಂದು ಸಲ ಬರಿ’ ಅಂತ ಸದ್ಯಕ್ಕೆ ಹೇಳಬೇಡ. ಓದು ಬಿಡಿಸಿ ಮನೆಗೆ ಕರೆತರುವ ತೀರ್ಮಾನವನ್ನೂ ಈಗಲೇ ಮಾಡಬೇಡ. ಮೊದಲು ನಿದ್ದೆ, ಊಟ ಸರಿ ಹೋಗಲಿ.

ಆದರೆ ಒಂದು ಪ್ರಶ್ನೆಯನ್ನು ಇವತ್ತೇ ಕೇಳಬೇಕು. ಪಕ್ಕದಲ್ಲಿ ಕೂತು, ‘ಸಾಯಬೇಕು ಅಂತ ಅನಿಸ್ತದೇನೋ ನಿಂಗೆ?’ ಅಂತ ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಅಂತ ಒಳಗೊಳಗೇ ಕಾಯುತ್ತಿರುವವರೇ ಜಾಸ್ತಿ. ಅವನು ಹೌದು ಅಂದರೆ ಒಬ್ಬನನ್ನೇ ಬಿಡಬೇಡ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ರಾತ್ರಿಯಾಗಿದ್ದರೆ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ (ಈಗಿನ ಹೆಸರು ಕೆಎಂಸಿಆರ್‌ಐ) ತುರ್ತು ವಿಭಾಗ ತೆರೆದೇ ಇರುತ್ತದೆ. ಹೊರಡುವ ಮುಂಚೆ ಮಾತಾಡಲು ಯಾರಾದರೂ ಬೇಕು ಅನಿಸಿದರೆ ಸರ್ಕಾರದ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡು. ಇಲ್ಲ ಅಂದನೋ, ಈ ವಾರದಲ್ಲೇ ಹೋಗಿ, ಮುಂದೂಡಬೇಡ.

ಈಗ ಡಿಮ್ಹಾನ್ಸ್ ಮಾತಿಗೆ ಬರೋಣ. ಬೆಳಗಾವಿ ರಸ್ತೆಯ ಆ ಸಂಸ್ಥೆ 1845ರಲ್ಲಿ ಮಾನಸಿಕ ರೋಗಿಗಳನ್ನು ಕೂಡಿಹಾಕುವ ಜಾಗವಾಗಿ ಶುರುವಾಯಿತು. ಆ ಹೆಸರು ಇನ್ನೂ ಅಂಟಿಕೊಂಡಿದೆ. ನಮ್ಮ ಕಡೆ ಮಾತಿಗೆ ಮಾತು ಬೆಳೆದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತಾರೆ. ಅದನ್ನು ಕೇಳಿಕೊಂಡೇ ಬೆಳೆದ ಹುಡುಗನಿಗೆ ಆ ಗೇಟು ದಾಟುವುದು ಸುಲಭವಲ್ಲ. ಅವನ ಸಿಟ್ಟಿನ ಹಿಂದಿರುವುದು ಆ ಭಯ. ಹಾಗಾಗಿ ಅವನಿಗೆ ಅಲ್ಲಿ ಏನಿದೆ ಅಂತ ಹೇಳು. ಹೊರರೋಗಿ ವಿಭಾಗದ ಬೆಂಚಿನ ಮೇಲೆ ನಿದ್ದೆ ಬಾರದ ಮಾಸ್ತರು ಕೂತಿರುತ್ತಾರೆ. ಫಿಟ್ಸ್ ಬರುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಇರುತ್ತಾಳೆ. ಪರೀಕ್ಷೆ ಅಂದರೆ ವಾಂತಿ ಬರುತ್ತದೆ ಅನ್ನುವ ಪಿಯುಸಿ ಹುಡುಗಿ, ವರ್ಷಗಟ್ಟಲೆ ತಲೆನೋವಿನ ಅಜ್ಜಿ. ಅವನ ಹಾಗೆ ಬ್ಯಾಗ್ ಹಾಕಿಕೊಂಡ ಹುಡುಗರೂ ಇರುತ್ತಾರೆ. ತೋರಿಸಿಕೊಂಡು ಸಂಜೆಗೆ ರೂಮಿಗೆ ವಾಪಸ್ ಹೋಗುವವರೇ ಬಹುಪಾಲು.

ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಆಧಾರ್ ಕಾರ್ಡ್, ರೇಷನ್ ಕಾರ್ಡ್, ಮುಂಚೆ ತೋರಿಸಿದ ಕಾಗದ ಇದ್ದರೆ ಅದು, ಈಗ ತೆಗೆದುಕೊಳ್ಳುವ ಗುಳಿಗೆ ಏನಿದ್ದರೂ ಅದರ ಪಟ್ಟಿ ಸಮೇತ ಇರಲಿ. ಬುತ್ತಿ, ನೀರು ತಗೊಂಡು ಹೋಗಿ. ಸಾಲು ಉದ್ದ ಇರುತ್ತದೆ. ಅಂಗಡಿಗೆ ಅವತ್ತು ರಜೆ ಹೇಳಿಬಿಡು.

ಇನ್ನು ಮುಂದೆ ಹೇಳುವುದನ್ನು ಎಲ್ಲರೂ ಗಮನವಿಟ್ಟು ಓದಿ. ಸರ್ಕಾರಿ ಆಸ್ಪತ್ರೆಯಿಂದ ಜನ ಬೇಜಾರಾಗಿ ವಾಪಸ್ ಬರುವುದು ಬಹಳ ಸಲ ಇದೊಂದೇ ಕಾರಣಕ್ಕೆ. ‘ಬರೀ ಗುಳಿಗೆ ಬರೆದು ಕಳಿಸಿದರು, ಮಾತೇ ಆಡಲಿಲ್ಲ’ ಅಂತಾರೆ. ಮನೋವೈದ್ಯರು ಎಂಬಿಬಿಎಸ್ ಆಮೇಲೆ ಎಂಡಿ ಓದಿದ ಡಾಕ್ಟರು. ಕಾಯಿಲೆ ಏನು ಅಂತ ನೋಡಿ ಗುಳಿಗೆ ಬರೆಯುವುದು ಅವರ ಕೆಲಸ. ಅವರ ಬಾಗಿಲ ಹೊರಗೆ ನೂರು ಜನ ನಿಂತಿರುತ್ತಾರೆ, ಒಬ್ಬೊಬ್ಬರ ಜೊತೆ ಮುಕ್ಕಾಲು ಗಂಟೆ ಕೂರಲು ಆಗುವುದಿಲ್ಲ. ಕೂತು ಮಾತಾಡುವವರು ಬೇರೆ: ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಅದೇ ಕಟ್ಟಡದಲ್ಲಿ, ಇನ್ನೊಂದು ಕೋಣೆಯಲ್ಲಿ ಇರುತ್ತಾರೆ. ಅವರ ಹತ್ತಿರ ಹೋಗಲು ಡಾಕ್ಟರು ಬರೆದುಕೊಡಬೇಕು. ಗದ್ದಲದಲ್ಲಿ ಅವರು ಮರೆತರೆ ನೀನೇ ಬಾಯಿಬಿಟ್ಟು ಕೇಳು: ‘ಡಾಕ್ಟ್ರೇ, ಗುಳಿಗೆ ಜೊತೆ ಕೌನ್ಸೆಲಿಂಗೂ ಬೇಕು, ಸೈಕಾಲಜಿಸ್ಟ್ ಹತ್ತಿರ ಬರೆದುಕೊಡಿ.’ ಇಷ್ಟು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆ ಕೋಣೆಯಲ್ಲಿ ಏನಾಗುತ್ತದೆ ಅಂತ ತಮ್ಮನಿಗೆ ಗೊತ್ತಿದ್ದರೆ ಅರ್ಧ ಅಳುಕು ಹೋಗುತ್ತದೆ. ಒಂದು ಮೇಜು, ಕೆಲವು ಕುರ್ಚಿ. ಮೊದಲು ನಿದ್ದೆ ಎಷ್ಟು ಹೊತ್ತಿಗೆ, ಏಳುವುದು ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಯಾವಾಗಿನಿಂದ ಹೀಗೆ, ಅದಕ್ಕೆ ಮುಂಚೆ ಏನಾಯಿತು, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತಾರೆ. ನಿನ್ನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬಹುದು, ಬೇಜಾರು ಮಾಡಿಕೊಳ್ಳಬೇಡ. ಅಕ್ಕನ ಮುಂದೆ ಹೇಳಲಾಗದ ಮಾತು ಹುಡುಗರಿಗೆ ಇರುತ್ತವೆ. ಮೊದಲ ದಿನ ಉಪದೇಶ ಏನೂ ಇರುವುದಿಲ್ಲ. ಮನೆಯಲ್ಲಿ ಮಾಡಿಕೊಂಡು ಬರಲು ಸಣ್ಣ ಕೆಲಸ ಕೊಡಬಹುದು. ಬೆಳಗ್ಗೆ ಇಂಥ ಹೊತ್ತಿಗೆ ಏಳುವುದು, ಸಂಜೆ ಕರ್ನಾಟಕ ಕಾಲೇಜಿನವರೆಗೆ ನಡೆದು ಬರುವುದು, ತಲೆಗೆ ಬಂದ ಕೆಟ್ಟ ಯೋಚನೆಯನ್ನು ಬರೆದಿಡುವುದು, ಇಂಥವು. ನೋಡಲು ಏನೂ ಅಲ್ಲ ಅನಿಸುತ್ತದೆ. ಮೂರು ನಾಲ್ಕು ಸಲ ಹೋದ ಮೇಲೆ ವ್ಯತ್ಯಾಸ ಕಾಣಲು ಶುರುವಾಗುತ್ತದೆ. ಖಿನ್ನತೆಯ ಗುಳಿಗೆಯೂ ಹಾಗೇ. ನುಂಗಿದ ಮರುದಿನ ಕೆಲಸ ಮಾಡುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಆರಾಮ ಅನಿಸಿತು ಅಂತ ತಾನೇ ನಿಲ್ಲಿಸಬಾರದು. ಮೊದಲ ಭೇಟಿಗೆ ಕರೆದುಕೊಂಡು ಹೋಗುವಷ್ಟೇ ಹಟ ಎರಡನೆಯದಕ್ಕೂ, ಮೂರನೆಯದಕ್ಕೂ ಇರಲಿ ತಂಗೀ. ಜನ ಕೈಬಿಡುವುದು ಅಲ್ಲೇ.

ಖರ್ಚಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಚಿಕಿತ್ಸೆಯನ್ನು ಹಕ್ಕು ಅಂತ ಹೇಳುತ್ತದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರ ನಡೆಸುವ ಅಥವಾ ಸರ್ಕಾರದ ದುಡ್ಡಿನಲ್ಲಿ ನಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಪೂರ್ತಿ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ, ಇಲ್ಲದಿರಲಿ, ಬಡವರಾಗಿದ್ದರೆ ಸಾಕು ಅಂತ ಕಾಯ್ದೆಯಲ್ಲೇ ಬರೆದಿದೆ. ಕಾರ್ಡ್ ಇಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಇದನ್ನು ಹೇಳು. ಉಳಿದವರಿಗೂ ಸರ್ಕಾರಿ ಆಸ್ಪತ್ರೆಯ ಖರ್ಚು ಖಾಸಗಿಯ ಮುಂದೆ ಬಹಳ ಕಡಿಮೆ.

ಅವನು ಡಿಮ್ಹಾನ್ಸ್ ಬೇಡವೇ ಬೇಡ ಅಂದರೆ ಹಟ ಹಿಡಿಯಬೇಡ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಅದು ದೊಡ್ಡ ಜನರಲ್ ಆಸ್ಪತ್ರೆ, ಕಾಲು ಮುರಿದವರೂ ಅದೇ ಗೇಟಿನಲ್ಲಿ ಬರುತ್ತಾರೆ, ಯಾರು ಯಾವುದಕ್ಕೆ ಬಂದರು ಅಂತ ಯಾರೂ ನೋಡುವುದಿಲ್ಲ. ಸತ್ತೂರಿನ ಎಸ್‌ಡಿಎಂ ಮೆಡಿಕಲ್ ಕಾಲೇಜಿನಲ್ಲೂ ಈ ವಿಭಾಗ ಇದೆ, ಆದರೆ ಅದು ಖಾಸಗಿ, ಹೋಗುವ ಮುಂಚೆ ಫೀಸು ಕೇಳಿಕೋ. ಹುಬ್ಬಳ್ಳಿಯಿಂದಾದರೂ ಧಾರವಾಡದಿಂದಾದರೂ ಎರಡಕ್ಕೂ ಚಿಗರಿ ಬಸ್ಸಿದೆ.

800 ರೂಪಾಯಿ ತೆಗೆದುಕೊಂಡ ಕೌನ್ಸೆಲರ್ ಜೊತೆ ತಮ್ಮನಿಗೆ ಮಾತು ಹೊಂದಿತ್ತಾ? ಹೊಂದಿದ್ದರೆ ಅವರಿಗೂ ಒಂದು ಫೋನ್ ಮಾಡು. ‘ಇಷ್ಟು ಕೊಡಲು ಆಗುತ್ತಿಲ್ಲ, ಕಡಿಮೆ ಮಾಡುತ್ತೀರಾ, ಹದಿನೈದು ದಿನಕ್ಕೊಮ್ಮೆ ಬರಬಹುದಾ’ ಅಂತ ಕೇಳು. ಹೀಗೆ ಕೇಳಿದರೆ ಫೀಸು ಇಳಿಸುವ ಕೌನ್ಸೆಲರ್‌ಗಳು ಇದ್ದಾರೆ. ಕೇಳುವುದರಲ್ಲಿ ಅವಮಾನ ಏನೂ ಇಲ್ಲ.

ಪ್ರಶ್ನೆ: ಮೇಡಮ್ಮಾರೇ, ನಾನು ಹಿರೇಕೆರೂರು ತಾಲೂಕಿನ ರೈತ, ವಯಸ್ಸು ಐವತ್ತು ದಾಟಿದೆ. ಗೋವಿನಜೋಳ ಕೈಕೊಟ್ಟಿತು, ಬೋರು ಬತ್ತಿತು. ಸೊಸೈಟಿ ಸಾಲದ ಮೇಲೆ ಕೈಗಡ. ರಾತ್ರಿ ಎದೆ ಢವಢವ ಬಡಿದುಕೊಂಡು ಎಚ್ಚರವಾಗುತ್ತದೆ, ಗಂಟಲು ಹಿಡಿದ ಹಾಗಾಗುತ್ತದೆ. ಹಾರ್ಟ್ ಇರಬೇಕು ಅಂತ ಇಸಿಜಿ, ಎಕೋ ಎಲ್ಲ ಮಾಡಿಸಿದೆ. ಹೃದಯ ಗಟ್ಟಿ ಇದೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದರು. ಸಂಜೆ ಕುಡಿದರೆ ಮಾತ್ರ ನಿದ್ದೆ. ದಿನಾ ಕುಡಿಯುವ ಹಾಗಾಗಿದೆ. ಧಾರವಾಡ ದೂರ, ಹೋಗಿ ಬರಲು ಒಂದು ದಿನದ ಕೆಲಸ ಕೆಡುತ್ತದೆ. ಇಲ್ಲೇ ಹತ್ತಿರ ಏನಾದರೂ ಇದೆಯಾ?

ಉತ್ತರ: ಅಣ್ಣಾರೇ, ಇದೆ. ನಿಮ್ಮ ತಾಲೂಕು ಆಸ್ಪತ್ರೆಯಿಂದ ಶುರು ಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಊರಿನ ಹತ್ತಿರದ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಅದನ್ನೇ ಮಾದರಿ ಮಾಡಿಕೊಂಡು 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ತಂದರು. ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಅಂತ ಇನ್ನೊಂದು ವ್ಯವಸ್ಥೆ ಸೇರಿತು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುತ್ತಾರೆ. ನಿಮ್ಮಲ್ಲಿ ತಿಂಗಳ ಯಾವ ಮಂಗಳವಾರ ಅಂತ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೇಳಿ. ಹೋಗುವಾಗ ಇಸಿಜಿ, ಎಕೋ ಕಾಗದ ಮರೆಯದೆ ಒಯ್ಯಿರಿ. ಅವೇ ಪರೀಕ್ಷೆ ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ. ಮುಖ್ಯವಾದ ಗುಳಿಗೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿ ಸಿಗಬೇಕು ಅಂತ ನಾನು ಮೇಲೆ ಹೇಳಿದ ಕಾಯ್ದೆಯೇ ಹೇಳುತ್ತದೆ. ಜಾಸ್ತಿ ದಿನದ ಚಿಕಿತ್ಸೆ ಬೇಕಾದರೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ.

ಮಂಗಳವಾರದವರೆಗೆ ಕಾಯುವ ಬದಲು ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಅದರ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕು ಅನಿಸಿದರೆ ಡಾಕ್ಟರಿಗೆ ಕೊಡುತ್ತಾರೆ. ರಾತ್ರಿ ಎದೆ ಬಡಿದುಕೊಂಡು ಎಚ್ಚರವಾದಾಗ, ಮನೆಯವರನ್ನು ಎಬ್ಬಿಸುವುದು ಹೇಗೆ ಅನಿಸಿದಾಗ, ಆ ಹೊತ್ತಿಗೂ ಮಾಡಬಹುದು. ಎಲ್ಲ ಪರೀಕ್ಷೆ ಸರಿ ಇದ್ದೂ ಎದೆ ಹೀಗೆ ಬಡಿದುಕೊಳ್ಳುವುದು ಆತಂಕದಿಂದ ಇರಬಹುದು. ನಿಮ್ಮ ಸಂಕಟ ಸುಳ್ಳಲ್ಲ. ಮೈಗೆ ಆಗುವುದು ನಿಜವಾಗಿ ಆಗುತ್ತದೆ, ಅದಕ್ಕೆ ಔಷಧ ಇದೆ, ಉಸಿರಾಟದ ಅಭ್ಯಾಸ ಇದೆ, ಕಲಿಸುತ್ತಾರೆ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ಪತ್ರ ಓದಿ ಇವತ್ತಿನಿಂದಲೇ ಬಿಟ್ಟೆ ಅಂತ ಒಮ್ಮೆಗೇ ನಿಲ್ಲಿಸಬೇಡಿ. ಬಹಳ ದಿನದಿಂದ ದಿನಾ ಕುಡಿಯುವವರು ತಟ್ಟನೆ ಬಿಟ್ಟರೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಂಡ ಹಾಗೆ ಆಗುವುದು, ಇವೆಲ್ಲ ಬರಬಹುದು. ಅದು ಪ್ರಾಣಕ್ಕೂ ಅಪಾಯ. ಡಾಕ್ಟರಿಗೆ ದಿನಕ್ಕೆ ಎಷ್ಟು ಅಂತ ಮುಚ್ಚಿಡದೆ ಹೇಳಿ. ಗುಳಿಗೆ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಆಮೇಲೆ ಬಿಟ್ಟೇ ಇರಲು ಜೊತೆ ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ, ಶಿಬಿರ ಮುಗಿದ ಮೇಲೂ ಬಿಟ್ಟವರನ್ನೆಲ್ಲ ಸೇರಿಸುತ್ತಿರುತ್ತಾರೆ. ನಿಮ್ಮೂರ ಸಂಘದ ಸೇವಾಪ್ರತಿನಿಧಿಯನ್ನು ಕೇಳಿದರೆ ಮುಂದಿನದು ಎಲ್ಲಿ ಅಂತ ಗೊತ್ತಾಗುತ್ತದೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳೂ ಉಚಿತ. ಅಲ್ಲಿ ಬರುವವರೆಲ್ಲ ಕುಡಿತ ಬಿಟ್ಟವರು, ಬಿಡುತ್ತಿರುವವರು. ಇದಕ್ಕೇ ಅಂತ ಇರುವ ಸರ್ಕಾರಿ ಸಹಾಯವಾಣಿ 14446.

ಕೌನ್ಸೆಲಿಂಗ್‌ನಿಂದ ಸಾಲ ತೀರುವುದಿಲ್ಲ, ಅದು ನನಗೂ ಗೊತ್ತು. ಕೈಗಡ ಕೊಟ್ಟವರು ಮನೆಮುಂದೆ ಬಂದು ಕೂಗಾಡುತ್ತಿದ್ದರೆ ಹಾವೇರಿ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಲಹೆಗೆ ದುಡ್ಡಿಲ್ಲ, ಫೋನ್ 15100. ಸಾಲ ವಸೂಲಿಗೆ ಹಿಂಸೆ ಕೊಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಒಂದು ಕೈಯಲ್ಲಿ ಡಾಕ್ಟರು, ಇನ್ನೊಂದು ಕೈಯಲ್ಲಿ ವಕೀಲರು, ಎರಡೂ ಬೇಕು ನಿಮಗೆ.

ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಬೆಳೆಗೆ ಹೊಡೆಯುವ ಔಷಧವನ್ನು ಮನೆಯಲ್ಲಿ ಇಡಬೇಡಿ. ನಿಮ್ಮ ಅಣ್ಣ ತಮ್ಮಂದಿರ ಮನೆಯಲ್ಲೋ, ಬೀಗ ಹಾಕಿ ಕೀಲಿ ಬೇರೆಯವರ ಕೈಗೆ ಕೊಟ್ಟೋ ಇಡಿ. ಕೆಟ್ಟ ಗಳಿಗೆ ಬಂದು ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಈ ಪತ್ರವನ್ನು ಮನೆಯವರಿಗೂ ಓದಿ ಹೇಳಿ ಅಣ್ಣಾರೇ.

ಪ್ರಶ್ನೆ: ನಾನು ರೋಣ ತಾಲೂಕಿನವಳು. ಹೆರಿಗೆಯಾಗಿ ಮೂರು ತಿಂಗಳಾಯಿತು. ಸುಮ್ನೆ ಕೂತಲ್ಲೇ ಅಳು ಬರುತ್ತದೆ. ಮಗು ಅತ್ತರೆ ಎತ್ತಿಕೊಳ್ಳಬೇಕು ಅಂತಲೂ ಅನಿಸುವುದಿಲ್ಲ. ಅತ್ತೆ ದೃಷ್ಟಿ ತಗಲಿದೆ ಅಂತ ತಾಯಿತ ಕಟ್ಟಿಸಿದ್ದಾರೆ. ಆಸ್ಪತ್ರೆ ಅಂದರೆ ‘ದುಡ್ಡು ಗಿಡದಲ್ಲಿ ಬಿಡುತ್ತಾ’ ಅಂತಾರೆ ಮನೆಯವರು. ಊರಲ್ಲಿ ಗೊತ್ತಾದರೆ ಹೆಸರು ಕೆಡುತ್ತದೆ ಅನ್ನೋ ಭಯ ಬೇರೆ.

ಉತ್ತರ: ತಂಗೀ, ಬಾಣಂತಿಯರಿಗೆ ಹೀಗಾಗುವುದು ಹೊಸದಲ್ಲ, ನೀನು ಕೆಟ್ಟ ತಾಯಿಯೂ ಅಲ್ಲ. ಹೆತ್ತ ಮೊದಲ ವಾರದ ಅಳು ತಾನೇ ಹೋಗುತ್ತದೆ. ಮೂರು ತಿಂಗಳಾದರೂ ಹೋಗದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ತಾಯಿತ ಇದ್ದರೆ ಇರಲಿ, ಅದಕ್ಕಾಗಿ ಅತ್ತೆಯ ಜೊತೆ ಜಗಳ ಬೇಡ. ಅದರ ಜೊತೆಗೆ ಡಾಕ್ಟರನ್ನೂ ನೋಡು.

ದಾರಿ ಹೇಳುತ್ತೇನೆ. ಮಗುವಿಗೆ ಹದಿನಾಲ್ಕು ವಾರದ ಲಸಿಕೆ ಹಾಕಿಸಬೇಕಲ್ಲ, ಅವತ್ತು ಹೇಗೂ ಮನೆಯಿಂದ ಹೊರಗೆ ಬರುತ್ತೀಯ. ಲಸಿಕೆ ಹಾಕುವ ಸಿಸ್ಟರ್ ಹತ್ತಿರವೋ, ಆಶಾ ಹತ್ತಿರವೋ ನನಗೆ ಬರೆದ ಈ ನಾಲ್ಕು ಮಾತನ್ನೇ ಹೇಳು. ಅವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳುತ್ತಾರೆ, ಬೇಕಾದರೆ ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಚೀಟಿ ಕೊಡುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆಸ್ಪತ್ರೆಯಲ್ಲೂ ಖರ್ಚು ಕಡಿಮೆ. ಮನೆಯವರಿಗೆ ಈ ಲೆಕ್ಕ ಹೇಳಿದರೆ ಒಪ್ಪಬಹುದು. ಹಾಲು ಕುಡಿಸುವ ತಾಯಂದಿರಿಗೆ ಹೊಂದುವ ಗುಳಿಗೆಗಳಿವೆ. ಹಾಲು ಕುಡಿಸುತ್ತೇನೆ ಅಂತ ಡಾಕ್ಟರಿಗೆ ಹೇಳಲು ಮಾತ್ರ ಮರೆಯಬೇಡ.

ನಿನ್ನ ವಿಷಯ ಹೊರಗೆ ಹೇಳುವ ಹಾಗಿಲ್ಲ ಅಂತ ಕಾಯ್ದೆಯೇ ಇದೆ. ಚಿಕಿತ್ಸೆ ಕೊಡುವವರು ಗುಟ್ಟು ಕಾಪಾಡಲೇಬೇಕು. ಆಶಾ ನಿಮ್ಮ ಓಣಿಯವಳೇ, ಅವಳಿಗೆ ಹೇಳಲು ಮನಸ್ಸಿಲ್ಲ ಅಂದರೆ ಹೇಳಬೇಡ, 14416ಕ್ಕೆ ನೀನೇ ಫೋನ್ ಮಾಡು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181. ಅಲ್ಲಿಂದ ಜಿಲ್ಲೆಯ ‘ಸಖಿ’ ಕೇಂದ್ರಕ್ಕೆ ದಾರಿ ಮಾಡಿಕೊಡುತ್ತಾರೆ. ಕೌನ್ಸೆಲಿಂಗ್, ಪೊಲೀಸ್, ವಕೀಲರ ನೆರವು ಅಲ್ಲಿ ಒಂದೇ ಕಡೆ ಸಿಗುತ್ತದೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳೂ ಹೆಣ್ಣುಮಕ್ಕಳಿಗೆ ಅಂತಲೇ ಇರುವಂಥವು. ನಿಮ್ಮ ಹತ್ತಿರ ಯಾವುದಿದೆ ಅಂತ ಅಂಗನವಾಡಿ ಟೀಚರ್ ಹೇಳುತ್ತಾರೆ.

ಒಂದು ಮಾತನ್ನು ಮನೆಯವರಿಗೆ ಓದಿ ಹೇಳು. ಬಾಣಂತಿಗೆ ನಿದ್ದೆಯೇ ಇಲ್ಲದಿದ್ದರೆ, ತಲೆಬುಡ ಇಲ್ಲದೆ ಮಾತಾಡಿದರೆ, ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸಿದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಂಡೇನು ಅಂದರೆ ಅದು ಬೇರೆ. ಹಿರಿಯರು ಬಾಣಂತಿ ಸನ್ನಿ ಅಂತ ಅದನ್ನೇ ಅನ್ನುತ್ತಿದ್ದರು. ಲಸಿಕೆಯ ದಿನಕ್ಕೆ ಕಾಯಬಾರದು. 108ಕ್ಕೆ ಫೋನ್ ಮಾಡಿ ಅದೇ ದಿನ ಆಸ್ಪತ್ರೆ ಸೇರಿಸಬೇಕು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಈಗ ಎಲ್ಲಿ ನೋಡಿದರೂ ಕೌನ್ಸೆಲಿಂಗ್ ಬೋರ್ಡು. ಯಾರನ್ನು ನಂಬುವುದು? ನಿವೃತ್ತ ಬ್ಯಾಂಕ್ ನೌಕರ ನಾನು, ಹೆಂಡತಿ ಹೋದ ಮೇಲೆ ಒಂಟಿ.

ಉತ್ತರ: ಓದಿದ್ದೇನು, ನೋಂದಣಿ ಎಲ್ಲಿದೆ ಅಂತ ಕೇಳಿ ಸರ್. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬರೆದುಕೊಂಡವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು, ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ. ಸುಮ್ನೆ ಕೌನ್ಸೆಲರ್ ಅಂತ ಬರೆದಿದ್ದರೆ ಸೈಕಾಲಜಿಯಲ್ಲೋ ಸಮಾಜಕಾರ್ಯದಲ್ಲೋ ಸ್ನಾತಕ ಪದವಿ ಆದ ಮೇಲೆ ಏನು ಓದಿದ್ದಾರೆ, ಯಾರ ಕೈಕೆಳಗೆ ಎಷ್ಟು ಕಾಲ ಕೆಲಸ ಕಲಿತರು ಅಂತ ಕೇಳಿ. ಸರಿಯಾದವರು ಬೇಸರವಿಲ್ಲದೆ ಹೇಳುತ್ತಾರೆ. ಹತ್ತು ಸಲದ ದುಡ್ಡು ಮುಂಗಡ ಕೇಳುವವರು, ಗ್ಯಾರಂಟಿ ಕೊಡುವವರು, ಡಾಕ್ಟರು ಕೊಟ್ಟ ಗುಳಿಗೆ ಬಿಡಿ ಅನ್ನುವವರು ಬೇಡ.

ನಿಮ್ಮ ದುಃಖಕ್ಕೆ ಡಾಕ್ಟರು ಬೇಕೇ ಬೇಕು ಅಂತ ನಾನು ಹೇಳಲಾರೆ. ಹೆಂಡತಿ ಹೋದ ಮೇಲೆ ಮನೆ ಖಾಲಿ ಅನಿಸುವುದು ಕಾಯಿಲೆಯಲ್ಲ. ಊಟ ನಿದ್ದೆ ಕೆಟ್ಟು ತಿಂಗಳುಗಟ್ಟಲೆ ಹಾಗೇ ಉಳಿದರೆ ಕಿಮ್ಸ್‌ಗೆ ಹೋಗಿ. ಈಗ ಮಾತಾಡಲು ಜನ ಬೇಕು ಅನಿಸಿದರೆ ಹಿರಿಯರಿಗಾಗಿ 14567 ಸಹಾಯವಾಣಿ ಇದೆ. ನಿಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘಕ್ಕೂ ಒಂದು ಸಂಜೆ ಹೋಗಿ ಬನ್ನಿ.

ಪ್ರಶ್ನೆ: ನಾವು ಅಣ್ಣಿಗೇರಿ ಹತ್ತಿರದ ಸ್ತ್ರೀಶಕ್ತಿ ಸಂಘದವರು. ನಮ್ಮಲ್ಲೇ ಇಬ್ಬರು ಹೆಣ್ಣುಮಕ್ಕಳು ಬಹಳ ಕುಗ್ಗಿದ್ದಾರೆ. ನಾವು ಕಲಿತವರಲ್ಲ. ನಾವೇನಾದರೂ ಮಾಡಬಹುದಾ?

ಉತ್ತರ: ಬಹಳ ಮಾಡಬಹುದು ತಾಯಂದಿರಾ. ಪತ್ರ ಓದಿ ಖುಷಿಯಾಯಿತು. ನೀವು ಕೌನ್ಸೆಲಿಂಗ್ ಮಾಡಲು ಹೋಗಬೇಡಿ, ಜೊತೆಗೆ ಹೋಗಿ. 2015-16ರಲ್ಲಿ ನಿಮ್ಹಾನ್ಸ್‌ನವರು ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಗೇ ಹೋಗಿರಲಿಲ್ಲ. ನನ್ನ ಅನುಭವದಲ್ಲಿ ಅದಕ್ಕೆ ದೊಡ್ಡ ಕಾರಣ, ಕರೆದುಕೊಂಡು ಹೋಗುವವರಿಲ್ಲ. ಒಬ್ಬಳೇ ಹೋಗಿ ಯಾವ ಕೌಂಟರು ಅಂತ ಹುಡುಕಲು ಅಂಜಿಕೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ.

ಸಂಘದಲ್ಲಿ ಇಬ್ಬರನ್ನು ಗೊತ್ತು ಮಾಡಿ. ಒಬ್ಬರು ಆಸ್ಪತ್ರೆಗೆ ಜೊತೆಗೆ ಹೋಗಲಿ, ಇನ್ನೊಬ್ಬರು ಅವತ್ತು ಅವಳ ಮಗುವನ್ನೂ ದನವನ್ನೂ ನೋಡಿಕೊಳ್ಳಲಿ. ಮುಂದಿನ ಭೇಟಿಯ ತಾರೀಕು ಅವಳು ಬರೆದಿಟ್ಟುಕೊಳ್ಳದಿದ್ದರೆ ನೀವು ಬರೆದಿಟ್ಟುಕೊಳ್ಳಿ, ಹಿಂದಿನ ದಿನ ಮನೆಗೆ ಹೋಗಿ ನೆನಪಿಸಿ. ಸಂಘದ ಸಭೆಯಲ್ಲಿ ಅವರ ಹೆಸರು ಎತ್ತಬೇಡಿ, ಮನೆಯಲ್ಲೂ ಹೇಳಬೇಡಿ. ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇರುತ್ತದೆ, ನಿಮ್ಮ ಮನೆಗಳಲ್ಲಿ ಆ ವಯಸ್ಸಿನವರಿದ್ದರೆ ಅದೂ ಗೊತ್ತಿರಲಿ. ಮನೋವೈದ್ಯರು ಬರುವ ಮಂಗಳವಾರ ಯಾವುದು ಅಂತ ಕೇಳಿಕೊಂಡು ಬಂದು, ಅದನ್ನೂ 14416 ಅನ್ನುವ ನಂಬರನ್ನೂ ಅಂಗನವಾಡಿ ಗೋಡೆಯ ಮೇಲೆ, ರೇಷನ್ ಅಂಗಡಿ ಹತ್ತಿರ ದೊಡ್ಡದಾಗಿ ಬರೆಸಿ.